ಹೆಲಿಕಾಪ್ಟರ್ ಎಂಜಿನ್ನಿನ ಬಿರುಕು: ನಿಯಮ, ದಾಖಲೆ ಮತ್ತು ಅಮಾನತ್
(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವವರು ಹೆಲಿಕಾಪ್ಟರ್ ಎಂಜಿನ್ನಿನ ಬಗ್ಗೆ ಏಕೆ ಮಾತನಾಡಬೇಕು ಎಂದು ನಿಮಗೆ ಅನ್ನಿಸಬಹುದು. ಎಂಜಿನ್ ಬಿಚ್ಚುವ ವಿದ್ಯೆ ನನ್ನದಲ್ಲ. ಆದರೆ ಎಂಜಿನ್ನಿನೊಳಗಿನ ಒಂದು ಬಿರುಕನ್ನು ಕಂಡುಹಿಡಿದು, ಬರೆದಿಟ್ಟು, ಬದಲಿಸುವ ವ್ಯವಸ್ಥೆಯಲ್ಲಿ ಅರ್ಧ ಕೆಲಸ ಸ್ಪಾನರಿನದು, ಇನ್ನರ್ಧ ಅಕ್ಷರದ್ದು. ಸರಿಯಾಗಿ ಓದುವುದು, ಸರಿಯಾಗಿ ಬರೆಯುವುದು, ಬರೆದದ್ದಕ್ಕೆ ಸತ್ಯವಾಗಿ ಸಹಿ ಹಾಕುವುದು, ಈ ಮೂರೂ ತರಗತಿಯಲ್ಲಿ ಕಲಿಯುವ ವಿಷಯಗಳೇ. ಆ ಧೈರ್ಯದಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಇಂತಹ ಸಭೆಗಳಲ್ಲಿ ಆಂದಲೂಸಿಯಾದ ಅಬ್ಬಾಸ್ ಇಬ್ನ್ ಫಿರ್ನಾಸ್ ಅವರ ಹೆಸರನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. 9ನೇ ಶತಮಾನದಲ್ಲಿ ರೆಕ್ಕೆ ಕಟ್ಟಿಕೊಂಡು ಹಾರಲು ಯತ್ನಿಸಿದವರು ಅವರು. ಆದರೆ ಆ ಕಥೆಯ ಕೊನೆಯ ಭಾಗವನ್ನು ನಾವು ಹೇಳುವುದು ಕಡಿಮೆ. ಇಳಿಯುವಾಗ ಅವರಿಗೆ ಪೆಟ್ಟಾಯಿತು, ಹಕ್ಕಿಗೆ ಬಾಲವಿರುವುದು ಇಳಿಯಲಿಕ್ಕೆ ಎಂಬುದನ್ನು ಅವರು ಗಮನಿಸಿರಲಿಲ್ಲ ಎಂದು ಚರಿತ್ರಕಾರ ಅಲ್ ಮಕ್ಕರಿ ದಾಖಲಿಸಿದ್ದಾರೆ. ಹಾರುವ ಕನಸಿಗೆ ಎಷ್ಟು ಬೆಲೆಯಿದೆಯೋ ಕ್ಷೇಮವಾಗಿ ಇಳಿಯುವ ಲೆಕ್ಕಕ್ಕೂ ಅಷ್ಟೇ ಬೆಲೆಯಿದೆ. ನನ್ನ ಇಂದಿನ ಮಾತು ಆ ಎರಡನೆಯ ಲೆಕ್ಕದ ಬಗ್ಗೆ.

ಲೋಹಕ್ಕೂ ದಣಿವುಂಟು

ಮೊದಲು ಬಿರುಕು ಏಕೆ ಬರುತ್ತದೆ ಎಂದು ತಿಳಿಯೋಣ. ಒಂದು ತಂತಿಯನ್ನು ಕೈಯಿಂದ ಎಳೆದು ತುಂಡು ಮಾಡಲು ಆಗುವುದಿಲ್ಲ. ಅದೇ ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಹತ್ತಿಪ್ಪತ್ತು ಸಲ ಬಾಗಿಸಿದರೆ ಮಗು ಕೂಡ ಮುರಿಯಬಲ್ಲದು. ಒಂದು ಸಲದ ಭಾರ ಮಾಡಲಾಗದ ಕೆಲಸವನ್ನು ಸಾವಿರ ಸಲದ ಸಣ್ಣ ಭಾರ ಮಾಡುತ್ತದೆ. ಇದಕ್ಕೆ ವಿಜ್ಞಾನದಲ್ಲಿ ಲೋಹದ ದಣಿವು ಎನ್ನುತ್ತಾರೆ. ತಣ್ಣಗಿನ ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಲೋಟ ಸೀಳುವುದನ್ನೂ ನೀವು ನೋಡಿದ್ದೀರಿ. ಶಾಖ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನವಾಗಿ ಏರಿದಾಗ ವಸ್ತುವಿನೊಳಗೆ ಜಗ್ಗಾಟ ಹುಟ್ಟುತ್ತದೆ.

ಹೆಲಿಕಾಪ್ಟರಿನ ಎಂಜಿನ್ನಿನಲ್ಲಿ ಈ ಎರಡೂ ಕಷ್ಟಗಳು ಒಟ್ಟಿಗೇ ಇವೆ. ಇಂದಿನ ಹೆಚ್ಚಿನ ಹೆಲಿಕಾಪ್ಟರುಗಳಲ್ಲಿ ಇರುವುದು ಟರ್ಬೋಶಾಫ್ಟ್ ಎಂಜಿನ್. ಮುಂದೆ ಗಾಳಿಯನ್ನು ಒತ್ತುವ ಕಂಪ್ರೆಸರ್, ನಡುವೆ ಇಂಧನ ಉರಿಯುವ ಕೋಣೆ, ಅದರ ಹಿಂದೆ ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಚಕ್ರಗಳು. ಈ ತಿರುಗುವಿಕೆ ಗೇರ್ ಬಾಕ್ಸ್ ಮೂಲಕ ಮೇಲಿನ ದೊಡ್ಡ ರೆಕ್ಕೆಗಳಿಗೆ ತಲುಪುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಒಳಗಿನ ಚಕ್ರ ನಿಮಿಷಕ್ಕೆ ಸುಮಾರು 50,000 ಸುತ್ತು ತಿರುಗುತ್ತದೆ. ಚಕ್ರದ ಅಂಚಿನಲ್ಲಿರುವ, ಬೆರಳಿನಷ್ಟು ಉದ್ದವೂ ಇಲ್ಲದ ಅಲಗುಗಳು ಕೆಂಡದಂತಹ ಅನಿಲದಲ್ಲಿ ನಿಂತು ಈ ವೇಗವನ್ನು ತಾಳಬೇಕು. ಎಂಜಿನ್ ಚಾಲೂ ಮಾಡಿದಾಗ ಕಾಯುತ್ತದೆ, ನಿಲ್ಲಿಸಿದಾಗ ಆರುತ್ತದೆ. ಹೀಗೆ ಒಂದು ಸಲ ಕಾದು ಆರಿದರೆ ಅದನ್ನು ಒಂದು ಆವರ್ತ ಎಂದು ಎಣಿಸುತ್ತಾರೆ.

ಈ ಎಣಿಕೆಯನ್ನು ಗಮನಿಸಿ. ಒಂದು ಎಂಜಿನ್ ಎರಡು ಗಂಟೆ ಒಂದೇ ಸಮನೆ ಓಡಿತು ಎನ್ನಿ. ಇನ್ನೊಂದು ಹತ್ತು ಹತ್ತು ನಿಮಿಷದಂತೆ ಹನ್ನೆರಡು ಸಲ ಓಡಿ ನಿಂತಿತು ಎನ್ನಿ. ಗಡಿಯಾರದಲ್ಲಿ ಇಬ್ಬರದೂ ಎರಡೇ ಗಂಟೆ. ಆದರೆ ಮೊದಲನೆಯದು ಒಂದು ಸಲ ದಣಿದಿದೆ, ಎರಡನೆಯದು ಹನ್ನೆರಡು ಸಲ. ಆದುದರಿಂದಲೇ ಎಂಜಿನ್ನಿನ ಮುಖ್ಯ ಭಾಗಗಳಿಗೆ ಗಂಟೆಗಳ ಲೆಕ್ಕ ಬೇರೆ, ಆವರ್ತಗಳ ಲೆಕ್ಕ ಬೇರೆ ಇಡುತ್ತಾರೆ.

ಎಂಜಿನ್ ನಿಂತೇ ಹೋದರೂ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುವುದಿಲ್ಲ. ಎತ್ತರ ಮತ್ತು ವೇಗ ಸಾಕಷ್ಟಿದ್ದರೆ, ಕೆಳಗಿನಿಂದ ಬರುವ ಗಾಳಿಯಿಂದ ರೆಕ್ಕೆಗಳು ತಿರುಗುತ್ತಲೇ ಇರುವಂತೆ ಮಾಡಿ ಪೈಲಟ್ ಕೆಳಗಿಳಿಸಬಲ್ಲರು. ಒಂದು ಅಲಗು ಮುರಿದರೆ ಅದು ಹೊರಗೆ ಸಿಡಿಯದಂತೆ ಎಂಜಿನ್ನಿನ ಕವಚವನ್ನು ಗಟ್ಟಿ ಮಾಡಿರುತ್ತಾರೆ. ಆದರೆ ಅಲಗುಗಳನ್ನು ಹಿಡಿದಿರುವ ನಡುವಿನ ಚಕ್ರವೇ ಒಡೆದರೆ ಅದರ ತುಂಡುಗಳನ್ನು ತಡೆಯುವಷ್ಟು ದಪ್ಪ ಕವಚ ಹೊತ್ತು ಹಾರುವುದು ಸಾಧ್ಯವಿಲ್ಲ. ಹಾಗಾಗಿ ಅಂತಹ ಭಾಗಕ್ಕೆ ಆಯುಷ್ಯವನ್ನು ಮೊದಲೇ ನಿಗದಿ ಮಾಡುತ್ತಾರೆ. ಇಷ್ಟು ಆವರ್ತಗಳಾದ ಮೇಲೆ, ನೋಡಲು ಹೊಸದರಂತೆ ಹೊಳೆಯುತ್ತಿದ್ದರೂ ತೆಗೆದುಹಾಕಬೇಕು. ತೆಗೆದದ್ದು ಮತ್ತೆ ಯಾರ ಎಂಜಿನ್ನಿಗೂ ಸೇರದಂತೆ ನಿರುಪಯುಕ್ತಗೊಳಿಸಬೇಕು. "ಇನ್ನೂ ಚೆನ್ನಾಗಿದೆಯಲ್ಲ, ಚಲ್ತಾ ಹೈ" ಎಂಬ ನಮ್ಮ ಮಾತಿಗೆ ಅಲ್ಲಿ ಜಾಗವಿಲ್ಲ.

ಆದೇಶ ಹೇಗೆ ಹುಟ್ಟುತ್ತದೆ?

ಲೆಕ್ಕ ಎಷ್ಟೇ ಮಾಡಿದರೂ ಕೆಲವು ಬಿರುಕುಗಳು ಅವಧಿಗೆ ಮೊದಲೇ ಬರುತ್ತವೆ. ಲೋಹದಲ್ಲಿ ದೋಷವಿರಬಹುದು, ತಯಾರಿಯಲ್ಲಿ ಗೀರು ಬಿದ್ದಿರಬಹುದು, ತುಕ್ಕು ತಿಂದಿರಬಹುದು. ಆಗ ಏನಾಗಬೇಕು ಎಂಬುದಕ್ಕೆ ಜಗತ್ತಿನಾದ್ಯಂತ ಒಂದು ಪದ್ಧತಿಯಿದೆ.

ಎಲ್ಲೋ ಒಂದು ಹ್ಯಾಂಗರಿನಲ್ಲಿ ಒಬ್ಬ ತಂತ್ರಜ್ಞನಿಗೆ ಬಿರುಕು ಕಾಣಿಸುತ್ತದೆ. ಅವನು ಅದನ್ನು ಬರೆದು ವರದಿ ಮಾಡುತ್ತಾನೆ. ತಯಾರಕ ಕಂಪನಿ ಆ ಭಾಗವನ್ನು ತರಿಸಿಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದೇ ಮಾದರಿಯ ಎಂಜಿನ್ ಇರುವವರಿಗೆ ಸರ್ವಿಸ್ ಬುಲೆಟಿನ್ ಕಳುಹಿಸುತ್ತದೆ. ಬುಲೆಟಿನ್ ಎಂದರೆ ತಯಾರಕರ ಸೂಚನೆ. ಅಪಾಯ ದೊಡ್ಡದೆಂದು ಕಂಡರೆ ಸರಕಾರದ ವಿಮಾನಯಾನ ಪ್ರಾಧಿಕಾರ ಅದನ್ನು ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಹಾರಾಟ ಯೋಗ್ಯತೆಯ ಆದೇಶವಾಗಿ ಹೊರಡಿಸುತ್ತದೆ. ಆಗ ಅದು ಸೂಚನೆಯಲ್ಲ, ಕಾನೂನು. ಅಮೆರಿಕದಲ್ಲಿ ಎಫ್‌ಎಎ, ಯುರೋಪಿನಲ್ಲಿ ಈಸಾ, ನಮ್ಮಲ್ಲಿ ಡಿಜಿಸಿಎ ಈ ಅಧಿಕಾರ ಹೊಂದಿವೆ. 1944ರ ಶಿಕಾಗೋ ಒಪ್ಪಂದದಡಿ ನಡೆಯುವ ವ್ಯವಸ್ಥೆಯ ಪ್ರಕಾರ, ಎಂಜಿನ್ ವಿನ್ಯಾಸಗೊಂಡ ದೇಶ ಇಂತಹ ಮಾಹಿತಿಯನ್ನು ಅದನ್ನು ಬಳಸುವ ದೇಶಗಳಿಗೆ ತಲುಪಿಸಬೇಕು. ಫ್ರಾನ್ಸಿನಲ್ಲಿ ಕಂಡ ಬಿರುಕಿನ ಸುದ್ದಿ ಭಾರತದ ಹ್ಯಾಂಗರಿಗೂ ಬರುವುದು ಹೀಗೆ.

ಆದೇಶದ ಭಾಷೆಯನ್ನು ಒಮ್ಮೆ ನೋಡಬೇಕು. ಅದರಲ್ಲಿ ಅಲಂಕಾರವಿಲ್ಲ. ಯಾವ ಮಾದರಿಯ ಎಂಜಿನ್ನಿಗೆ ಇದು ಅನ್ವಯ, ಭಾಗದ ಸಂಖ್ಯೆ ಯಾವುದು, ಕಾರಣವೇನು, ಎಷ್ಟು ಗಂಟೆ ಅಥವಾ ಎಷ್ಟು ಆವರ್ತಗಳೊಳಗೆ ಪರೀಕ್ಷಿಸಬೇಕು, ಬಿರುಕು ಕಂಡರೆ ಏನು ಮಾಡಬೇಕು, ಇನ್ನು ಮುಂದೆ ಯಾವ ಭಾಗವನ್ನು ಜೋಡಿಸಲೇಬಾರದು ಎಂಬುದೆಲ್ಲ ಕ್ರಮವಾಗಿ ಇರುತ್ತದೆ. ಕೆಲವು ಆದೇಶ ಒಂದೇ ಸಲ ಪರೀಕ್ಷೆ ಕೇಳುತ್ತವೆ, ಕೆಲವು ಮತ್ತೆ ಮತ್ತೆ ಕೇಳುತ್ತವೆ. ಕೆಲವು ಹೊಸ ಭಾಗ ಹಾಕಿದ ಮೇಲೆ ಮಾತ್ರ ಮುಗಿಯುತ್ತವೆ. ಅತಿ ತುರ್ತಾದರೆ "ಮುಂದಿನ ಹಾರಾಟಕ್ಕೆ ಮೊದಲು" ಎಂದೇ ಇರುತ್ತದೆ. "ಒಳಗೆ" ಮತ್ತು "ನಂತರ" ಎಂಬ ಎರಡು ಪದಗಳ ವ್ಯತ್ಯಾಸಕ್ಕೆ ವ್ಯಾಕರಣದ ತರಗತಿಯಲ್ಲಿ ಒಂದು ಅಂಕ. ಇಲ್ಲಿ ಅದಕ್ಕೆ ಜೀವದ ಬೆಲೆ.

ಬಿರುಕು ಹುಡುಕುವವರ ಕಣ್ಣು

ನಮ್ಮ ಹಿರಿಯರು ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನಾದ ಕೇಳುತ್ತಿದ್ದರು. ಬಿರುಕು ಬಿಟ್ಟ ಮಡಕೆ ಬೊದ್ದಾಗಿ ನುಡಿಯುತ್ತದೆ. ರೈಲು ನಿಲ್ದಾಣಗಳಲ್ಲಿ ಗಾಲಿಗಳನ್ನು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದುದೂ ಇದೇ ಜ್ಞಾನದಿಂದ. ಎಂಜಿನ್ನಿನ ಭಾಗಗಳಿಗೆ ಇನ್ನೂ ಸೂಕ್ಷ್ಮ ವಿಧಾನಗಳಿವೆ. ಬಿರುಕಿನೊಳಗೆ ಇಳಿಯುವ ವಿಶೇಷ ದ್ರವವನ್ನು ಸವರಿ, ಒರೆಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ಬೆಳಕು ಹಾಯಿಸಿದರೆ ಬಿರುಕು ಹಸಿರು ಗೆರೆಯಾಗಿ ಹೊಳೆಯುತ್ತದೆ. ಉಕ್ಕಿನ ಭಾಗಗಳಿಗೆ ಕಾಂತೀಯ ಪುಡಿಯ ಪರೀಕ್ಷೆಯಿದೆ. ವಿದ್ಯುತ್ ಸುಳಿಯ ಪರೀಕ್ಷೆ, ಶ್ರವಣಾತೀತ ತರಂಗಗಳ ಪರೀಕ್ಷೆ, ಎಕ್ಸ್ ರೇ ಇವೆ. ಎಂಜಿನ್ ಬಿಚ್ಚದೆ ಒಳಗೆ ಇಳಿಬಿಟ್ಟು ನೋಡುವ ಬೋರೋಸ್ಕೋಪ್ ಇದೆ.

ಇಷ್ಟೆಲ್ಲ ಇದ್ದರೂ ನೋಡುವುದು ಮನುಷ್ಯನ ಕಣ್ಣು. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ 10 ವಿಮಾನ ಅಪಘಾತಕ್ಕೀಡಾಯಿತು. ಇದು ಹೆಲಿಕಾಪ್ಟರ್ ಅಲ್ಲ, ಆದರೆ ಪಾಠ ಒಂದೇ. ಬಾಲದ ಎಂಜಿನ್ನಿನ ಟೈಟಾನಿಯಂ ಚಕ್ರ ಹಾರಾಟದಲ್ಲೇ ಒಡೆದು, ಅದರ ತುಂಡುಗಳು ವಿಮಾನವನ್ನು ನಿಯಂತ್ರಿಸುವ ಹೈಡ್ರಾಲಿಕ್ ಕೊಳವೆಗಳನ್ನೆಲ್ಲ ಕತ್ತರಿಸಿದವು. ವಿಮಾನದಲ್ಲಿದ್ದ 296 ಮಂದಿಯಲ್ಲಿ 112 ಮಂದಿ ತೀರಿಕೊಂಡರು. ಲೋಹ ತಯಾರಾದಾಗಲೇ ಉಳಿದಿದ್ದ ಒಂದು ದೋಷದಿಂದ ಬಿರುಕು ವರ್ಷಗಟ್ಟಲೆ ಬೆಳೆದಿತ್ತು. ಕೊನೆಯ ತಪಾಸಣೆಯ ಹೊತ್ತಿಗೆ ಅದು ಪತ್ತೆಯಾಗುವಷ್ಟು ದೊಡ್ಡದಿತ್ತು, ಆದರೂ ಕಣ್ಣಿಗೆ ಬೀಳಲಿಲ್ಲ ಎಂದು ತನಿಖೆ ಹೇಳಿತು. ತಪಾಸಣೆ ಮಾಡುವವರ ಮಾನವ ಸಹಜ ಮಿತಿಗಳನ್ನು ವ್ಯವಸ್ಥೆ ಗಮನಿಸಿರಲಿಲ್ಲ ಎಂಬುದೂ ಅದರ ತೀರ್ಮಾನವಾಗಿತ್ತು. ಸಾವಿರ ಒಳ್ಳೆಯ ಭಾಗಗಳನ್ನು ನೋಡಿದ ಕಣ್ಣು ಸಾವಿರದ ಒಂದನೆಯದೂ ಒಳ್ಳೆಯದೇ ಇರುತ್ತದೆ ಎಂದು ನಂಬಿಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವ ನಮ್ಮಂತಹವರಿಗೆ ಈ ಅಪಾಯ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ವಾರ ಮೊದಲು ಸಿಕ್ಕಿದ ಚೂರು

ಈಗ ಹೆಲಿಕಾಪ್ಟರಿನದೇ ಪ್ರಸಂಗಕ್ಕೆ ಬರುತ್ತೇನೆ. ಇಲ್ಲಿ ಒಡೆದದ್ದು ಎಂಜಿನ್ನಿನ ಶಕ್ತಿಯನ್ನು ರೆಕ್ಕೆಗೆ ಮುಟ್ಟಿಸುವ ಮುಖ್ಯ ಗೇರ್ ಬಾಕ್ಸ್. ಉತ್ತರ ಸಮುದ್ರದ ತೈಲ ಬಾವಿಗಳಿಗೆ ಕಾರ್ಮಿಕರನ್ನು ಒಯ್ಯುವ ಕೆಲಸ ಬಹುತೇಕ ಹೆಲಿಕಾಪ್ಟರುಗಳದು. 2009ರ ಏಪ್ರಿಲ್ 1ರಂದು ಅಲ್ಲಿಂದ ಮರಳುತ್ತಿದ್ದ ಸೂಪರ್ ಪ್ಯೂಮಾ ಹೆಲಿಕಾಪ್ಟರ್ ಸ್ಕಾಟ್ಲೆಂಡಿನ ಪೀಟರ್‌ಹೆಡ್ ಸಮೀಪ ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ 16 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಗೇರ್ ಬಾಕ್ಸಿನೊಳಗಿನ ಒಂದು ಗೇರು ದಣಿವಿನ ಬಿರುಕಿನಿಂದ ಒಡೆದಿತ್ತು.

ಗೇರ್ ಬಾಕ್ಸಿನ ಎಣ್ಣೆಯಲ್ಲಿ ಲೋಹದ ಚೂರು ಬಂದರೆ ಹಿಡಿಯಲು ಒಂದು ಅಯಸ್ಕಾಂತದ ಸಾಧನವಿರುತ್ತದೆ. ಮಾರ್ಚ್ 25ರಂದು, ಅಂದರೆ ಸರಿಯಾಗಿ ಒಂದು ವಾರ ಮೊದಲು, ಆ ಸಾಧನದಲ್ಲಿ ಒಂದು ಚೂರು ಸಿಕ್ಕಿತ್ತು. ಅದು ಆ ಗೇರಿನದೇ ಎಂದು ಆಗ ಗುರುತಿಸಲಾಗಲಿಲ್ಲ. ಹೆಲಿಕಾಪ್ಟರ್ ನಡೆಸುವ ಕಂಪನಿಗೂ ತಯಾರಕರಿಗೂ ಫೋನು, ಇ ಮೇಲ್ ಮೂಲಕ ಮಾತುಕತೆ ನಡೆಯಿತು. ಆ ಮಾತುಕತೆಯಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯಾಗಿ ಅರ್ಥವಾಯಿತು. ಗೇರ್ ಬಾಕ್ಸಿನ ಆ ಭಾಗವನ್ನು ಬಿಚ್ಚಿ ಒಳಗೆ ನೋಡುವ ಕೆಲಸ ಆಗಲಿಲ್ಲ. ತನಿಖಾ ವರದಿಯಲ್ಲಿ ಇದೆಲ್ಲ ದಾಖಲಾಗಿದೆ.

ಪ್ರಿಯ ವಿದ್ಯಾರ್ಥಿಗಳೇ, ಇಲ್ಲಿ ಯಾರೂ ಮೋಸ ಮಾಡಿರಲಿಲ್ಲ. ಯಾರೂ ಸೋಮಾರಿಯಾಗಿ ಕುಳಿತಿರಲಿಲ್ಲ. ಚೂರು ಸಿಕ್ಕಿತ್ತು, ಕೇಳುವವರು ಕೇಳಿದ್ದರು, ಉತ್ತರಿಸುವವರು ಉತ್ತರಿಸಿದ್ದರು. ಆದರೆ ಅರ್ಥ ಮಾತ್ರ ದಾಟಲಿಲ್ಲ. "ಯಾವ ಭಾಗದಲ್ಲಿ ಸಿಕ್ಕಿತು, ಏನು ಸಿಕ್ಕಿತು, ಈಗ ಏನು ಮಾಡಬೇಕು" ಎಂಬ ಮೂರು ಪ್ರಶ್ನೆಗಳಿಗೆ ಸ್ಪಷ್ಟವಾದ ಲಿಖಿತ ಉತ್ತರ ಎಷ್ಟು ದೊಡ್ಡ ವಸ್ತು ಎಂದು ಯೋಚಿಸಿ. ವರದಿ ಬರೆಯುವುದು, ಪತ್ರ ಬರೆಯುವುದು ಪರೀಕ್ಷೆಯ ಹತ್ತು ಅಂಕಗಳಿಗೆ ಮಾತ್ರ ಎಂದು ತಿಳಿದವರು ಈ ಪ್ರಸಂಗವನ್ನು ನೆನಪಿಡಬೇಕು.

2012ರಲ್ಲಿ ಅದೇ ಸಮುದ್ರದಲ್ಲಿ ಇಸಿ 225 ಮಾದರಿಯ ಎರಡು ಹೆಲಿಕಾಪ್ಟರುಗಳು ಗೇರ್ ಬಾಕ್ಸಿನ ಒಂದು ದಂಡ ಬಿರುಕು ಬಿಟ್ಟದ್ದರಿಂದ ನೀರಿನ ಮೇಲೆ ಇಳಿಯಬೇಕಾಯಿತು. ಅಲ್ಲಾಹನ ಕೃಪೆಯಿಂದ ಎಲ್ಲರೂ ಉಳಿದರು. ಆ ದಂಡವನ್ನು ಹೊಸದಾಗಿ ವಿನ್ಯಾಸಗೊಳಿಸಿದರು. ಆದರೆ 2016ರ ಏಪ್ರಿಲ್ 29ರಂದು ನಾರ್ವೆಯ ತುರೊಯ್ ಎಂಬಲ್ಲಿ ಅದೇ ಮಾದರಿಯ ಹೆಲಿಕಾಪ್ಟರಿನ ರೆಕ್ಕೆಗಳ ಚಕ್ರವೇ ಕಳಚಿಹೋಗಿ 13 ಮಂದಿ ಸಾವಿಗೀಡಾದರು. 2009ರಂತೆಯೇ ಗೇರಿನ ಬಿರುಕು. ಈ ಬಾರಿ ಚೂರು ಹಿಡಿಯುವ ಸಾಧನ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಏಕೆಂದರೆ ಬಿರುಕು ಮೇಲ್ಮೈಯಿಂದ ಒಳಗೊಳಗೇ ಬೆಳೆದಿತ್ತು. ಜೂನ್‌ನಲ್ಲಿ ಈಸಾ ಆ ಮಾದರಿಗಳ ಹಾರಾಟವನ್ನೇ ನಿಲ್ಲಿಸಿತು. ಅಕ್ಟೋಬರಿನಲ್ಲಿ ಷರತ್ತಿನ ಮೇಲೆ ಬಿಟ್ಟಿತು. ಬಿರುಕಿಗೆ ಹೆಚ್ಚು ಒಳಗಾಗುವ ಬಗೆಯ ಗೇರನ್ನು ತೆಗೆಯಬೇಕು, ಉಳಿದ ಬಗೆಯ ಗೇರಿನ ಆಯುಷ್ಯವನ್ನು ತಗ್ಗಿಸಬೇಕು, ಎಣ್ಣೆಯ ತಪಾಸಣೆ ಹೆಚ್ಚಬೇಕು ಎಂಬುದು ಷರತ್ತು. ಬ್ರಿಟನ್ ಮತ್ತು ನಾರ್ವೆ 2017ರ ಜುಲೈವರೆಗೆ ತಮ್ಮ ನಿಷೇಧವನ್ನು ಮುಂದುವರಿಸಿದವು. ಆದೇಶದ ಒಂದೊಂದು ಸಾಲಿನ ಹಿಂದೆಯೂ ಮನೆಗೆ ಮರಳದ ಯಾರೋ ಒಬ್ಬರಿದ್ದಾರೆ. ಹಾಗೆಂದು ತಿಳಿದು ಓದಿದರೆ ನಿಯಮ ಕಿರಿಕಿರಿ ಎನ್ನಿಸುವುದಿಲ್ಲ.

ಸಹಿ ಎಂಬ ಗವಾಹಿ

ಬಿರುಕು ಬಿಟ್ಟ ಭಾಗ ತೆಗೆದ ಮೇಲೆ ಹೊಸದು ಹಾಕಬೇಕು. ಹೊಸದು ನಿಜವಾಗಿಯೂ ಹೊಸದೇ? ಅಧಿಕೃತ ಕಾರ್ಖಾನೆಯದೇ? ಇದಕ್ಕೆ ಪ್ರತಿ ಭಾಗದ ಜೊತೆಗೂ ಪ್ರಮಾಣಪತ್ರ ಬರಬೇಕು. ಪ್ರಮಾಣಪತ್ರವಿಲ್ಲದ ಭಾಗ ಚಿನ್ನದ್ದಾದರೂ ಹಾಕುವಂತಿಲ್ಲ. 1989ರ ಸೆಪ್ಟೆಂಬರ್ 8ರಂದು ನಾರ್ವೆಯ ಪಾರ್ಟ್‌ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿದ್ದು 55 ಮಂದಿ ತೀರಿಕೊಂಡರು. ಅದರ ಬಾಲದ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳು ನಕಲಿ ಮತ್ತು ಕಳಪೆ ಎಂದು ತನಿಖೆಯಲ್ಲಿ ತಿಳಿಯಿತು. 2023ರಲ್ಲಿ ಲಂಡನ್ನಿನ ಒಂದು ವ್ಯಾಪಾರಿ ಕಂಪನಿ ಸಿಎಫ್‌ಎಂ 56 ಎಂಬ ವಿಮಾನ ಎಂಜಿನ್ನಿನ ಬಿಡಿಭಾಗಗಳನ್ನು ಸುಳ್ಳು ಪ್ರಮಾಣಪತ್ರದೊಂದಿಗೆ ಮಾರಿದ್ದು ಬಯಲಾಯಿತು. ಹಲವು ದೇಶಗಳ ವಿಮಾನ ಕಂಪನಿಗಳು ಎಂಜಿನ್ ಬಿಚ್ಚಿ ಆ ಭಾಗಗಳನ್ನು ತೆಗೆಯಬೇಕಾಯಿತು.

ನಮ್ಮ ದೀನ್ ಈ ವಿಷಯದಲ್ಲಿ ಏನು ಹೇಳುತ್ತದೆ ಎಂದು ನಿಮಗೆ ಗೊತ್ತೇ ಇದೆ. ಸುಳ್ಳು ಸಾಕ್ಷಿಯನ್ನು ಮಹಾಪಾಪಗಳಲ್ಲಿ ಎಣಿಸಲಾಗಿದೆ. ನ್ಯಾಯಾಲಯದ ಕಟ್ಟೆ ಹತ್ತಿ ಹೇಳುವುದು ಮಾತ್ರ ಸಾಕ್ಷಿಯಲ್ಲ. "ನಾನು ನೋಡಿದ್ದೇನೆ, ಬಿರುಕಿಲ್ಲ" ಎಂದು ಬರೆದು ಸಹಿ ಹಾಕುವುದೂ ಗವಾಹಿಯೇ. ನೋಡದೆ ಸಹಿ ಹಾಕಿದವನು ಸುಳ್ಳು ಗವಾಹಿ ಕೊಟ್ಟಂತೆ. ಆ ಯಂತ್ರದಲ್ಲಿ ಕುಳಿತವರ ಪ್ರಾಣ ಅವನ ಕೈಯಲ್ಲಿಟ್ಟ ಅಮಾನತ್. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂಬ ಪ್ರವಾದಿವರ್ಯರ(ಸ) ಬೋಧನೆ ನಮ್ಮ ಚಿಕ್ಕ ಮಕ್ಕಳಿಗೂ ಗೊತ್ತು. ಆದೇಶದ ಪ್ರಕಾರ ಭಾಗ ಬದಲಿಸುವುದೇ ಈ ಕಾಲದಲ್ಲಿ ಒಂಟೆ ಕಟ್ಟುವುದು. ತವಕ್ಕುಲ್ ಎಂದರೆ ತಪಾಸಣೆ ಬಿಟ್ಟು ದುಆ ಮಾತ್ರ ಮಾಡುವುದಲ್ಲ.

ನಮ್ಮ ನೆಲದ ಮಾತು

ಇದೆಲ್ಲ ದೂರದ ಸಮುದ್ರದ ಕಥೆ ಎಂದುಕೊಳ್ಳಬೇಡಿ. ಫ್ರಾನ್ಸಿನ ಪರವಾನಗಿಯಲ್ಲಿ ಚೇತಕ್, ಚೀತಾ ಹೆಲಿಕಾಪ್ಟರುಗಳನ್ನು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್. ಧ್ರುವ್ ಅಲ್ಲಿಯ ವಿನ್ಯಾಸ. ಅದರ ಶಕ್ತಿ ಎಂಜಿನ್ ಎಚ್‌ಎಎಲ್ ಮತ್ತು ಫ್ರೆಂಚ್ ಕಂಪನಿಯ ಜಂಟಿ ಕೆಲಸ. 2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಸೇನಾ ವಿಮಾನಗಳ ಹಾರಾಟ ಯೋಗ್ಯತೆಯನ್ನು ಪ್ರಮಾಣೀಕರಿಸುವ ಸೆಮಿಲಾಕ್ ಸಂಸ್ಥೆ ಇರುವುದೂ ಬೆಂಗಳೂರಿನಲ್ಲೇ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಸಿಬ್ಬಂದಿ ಮೃತಪಟ್ಟಾಗ, ದೇಶದ ಧ್ರುವ್ ಹೆಲಿಕಾಪ್ಟರುಗಳ ಹಾರಾಟವನ್ನು ತಿಂಗಳುಗಟ್ಟಲೆ ನಿಲ್ಲಿಸಿ ತಪಾಸಣೆ ನಡೆಸಲಾಯಿತು. ಒಂದು ಯಂತ್ರದಲ್ಲಿ ಕಂಡ ದೋಷ ಮಿಕ್ಕ ಯಂತ್ರಗಳಲ್ಲೂ ಇರಬಹುದು ಎಂಬ ಎಚ್ಚರವೇ ಈ ವಿದ್ಯೆಯ ತಳಹದಿ.

ಪೋಷಕರಲ್ಲಿ ಒಂದು ಮಾತು. ನಮ್ಮ ಮೊಹಲ್ಲಾಗಳಲ್ಲಿ ಗ್ಯಾರೇಜು, ಲೇತು, ವೆಲ್ಡಿಂಗ್ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಉಸ್ತಾದರಿದ್ದಾರೆ. ಆ ಹುನ್ನರಿಗೆ ನನ್ನ ಸಲಾಮ್. ಆದರೆ ಆ ಹುಡುಗರಲ್ಲಿ ಎಷ್ಟೋ ಮಂದಿ ಏಳನೆಯದು, ಎಂಟನೆಯದು ಓದುವಾಗಲೇ ಶಾಲೆ ಬಿಟ್ಟು ಕೆಲಸಕ್ಕೆ ನಿಲ್ಲುತ್ತಾರೆ. ಕೈಯಲ್ಲಿ ಕಸುಬಿದೆ, ಕಾಗದವಿಲ್ಲ. ವಿಮಾನಯಾನದಲ್ಲಿ ಕಾಗದವಿಲ್ಲದ ಕೈಗೆ ಎಂಜಿನ್ ಮುಟ್ಟಿ ಸಹಿ ಹಾಕುವ ಅಧಿಕಾರವಿಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಡಿಜಿಸಿಎ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದು, ಪರೀಕ್ಷೆ ಮತ್ತು ಅನುಭವದ ಅವಧಿ ಮುಗಿಸಿ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಪಡೆಯಬಹುದು. ಟರ್ಬೈನ್ ಎಂಜಿನ್ ಇರುವ ಹೆಲಿಕಾಪ್ಟರುಗಳಿಗೇ ಅದರಲ್ಲಿ ಪ್ರತ್ಯೇಕ ವಿಭಾಗವಿದೆ. ಐಟಿಐ ಮುಗಿಸಿದವರಿಗೆ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಅವಕಾಶಗಳೂ ಇವೆ. ಹೆಣ್ಣುಮಕ್ಕಳಿಗೂ ಈ ದಾರಿ ತೆರೆದಿದೆ. ಫೀಸು ಕಟ್ಟುವ ಮೊದಲು ಆ ಸಂಸ್ಥೆ ಡಿಜಿಸಿಎ ಪ್ರಕಟಿಸಿರುವ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಮಾತ್ರ ತಪ್ಪದೆ ನೋಡಿಕೊಳ್ಳಿ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಹತ್ತನೆಯ ತರಗತಿಯಲ್ಲಿ ಅಂಕ ಪಡೆದವರಿಗೆ ಪ್ರತಿ ವರ್ಷ ಬಹುಮಾನ ಕೊಡುತ್ತೇವೆ, ಕೊಡಲೇಬೇಕು. ಅದರ ಜೊತೆಗೆ ಎಂಟನೆಯ ತರಗತಿಯಲ್ಲಿ ಬಿಟ್ಟುಹೋಗುವ ಮಗುವನ್ನು ಹುಡುಕಿ ತರುವ ಕೆಲಸವೂ ಆಗಬೇಕು. ಸಮಾಜದಲ್ಲಿಯೂ ಬಿರುಕು ಮೊದಲು ಕೂದಲೆಳೆಯಷ್ಟೇ ಇರುತ್ತದೆ. ಹಾಜರಿ ಪುಸ್ತಕದಲ್ಲಿ ಮೂರು ದಿನ ಸತತವಾಗಿ ಗೈರು ಬಿದ್ದಾಗಲೇ ಮನೆಗೆ ಹೋಗಿ ವಿಚಾರಿಸಿದರೆ ಮಗು ಮರಳುತ್ತದೆ. ಮೂರು ತಿಂಗಳಾದ ಮೇಲೆ ಹೋದರೆ ಅವನ ಕೈಗೆ ದಿನಗೂಲಿಯ ರುಚಿ ಹತ್ತಿರುತ್ತದೆ.

ವಿದ್ಯಾರ್ಥಿಗಳೇ, ನೀವು ಮುಂದೆ ವೈದ್ಯರಾಗಿ, ಲೆಕ್ಕಿಗರಾಗಿ, ಶಿಕ್ಷಕರಾಗಿ, ಮೆಕ್ಯಾನಿಕ್ ಆಗಿ. ಎಲ್ಲಿದ್ದರೂ ನೋಡದೆ ಸಹಿ ಹಾಕಬೇಡಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಕೇಳಿದ್ದನ್ನು ಬರೆದಿಡಿ. ಅನುಮಾನ ಬಂದರೆ ಬಿಚ್ಚಿ ನೋಡಿ. ಯಾರೂ ಗಮನಿಸುವುದಿಲ್ಲ ಎಂದು ಅನ್ನಿಸಿದ ಹೊತ್ತಿನಲ್ಲಿಯೂ ನೋಡುವವನೊಬ್ಬನಿದ್ದಾನೆ ಎಂಬ ನಂಬಿಕೆ ನಮ್ಮದು. ನಮ್ಮ ಕೈಗೆ ಒಪ್ಪಿಸಿದ ಅಮಾನತ್‌ಗಳನ್ನು ಪ್ರಾಮಾಣಿಕವಾಗಿ ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.